ಬೋರಿನ ನೀರು, ಅಲ್ಯುಮಿನಿಯಂ ಎಂಜಿನ್ನು ಮತ್ತು ಬೆಂಗಳೂರಿನ ಡಾಲ್ಫಿನ್

ಹೋದ ವರ್ಷ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಎರಡರ ಬಿಸಿಲಿಗೆ, ಬೀಳಗಿಯಿಂದ ಬಾಡಗಂಡಿಗೆ ಬರುವ ದಾರಿಯಲ್ಲಿ ನನ್ನ ಕಾರು ನಿಂತಿತು. ಕಾರು ಅಂದರೆ ದೊಡ್ಡದೇನಲ್ಲ. ಸುದ್ದಿಗೆ ಇಷ್ಟು, ಫೋಟೋಕ್ಕೆ ಇಷ್ಟು ಅಂತ ಬರುವ ದುಡ್ಡಿನ ಮೇಲೆ ಭರವಸೆ ಇಟ್ಟು, ಸೊಸೈಟಿಯಲ್ಲಿ ಸಾಲ ಮಾಡಿ ಕೊಂಡ ಹಳೆಯ ಸಣ್ಣ ಪೆಟ್ರೋಲ್ ಗಾಡಿ. ಮೀಟರಿನ ಮುಳ್ಳು ಕೆಂಪಿಗೆ ಹೋಗಿದ್ದನ್ನು ನೋಡಿದ್ದೆ. ಇನ್ನೇನು ಊರು ಬಂತಲ್ಲ, ಮುಟ್ಟಿಸಿಬಿಡೋಣ ಅಂದುಕೊಂಡೆ. ಆ ಎರಡು ಕಿಲೋಮೀಟರು ನನ್ನ ಎರಡು ತಿಂಗಳ ಗಳಿಕೆ ತಿಂದಿತು.

ಇಟ್ಟಂಗಿ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದು ತಂದು ಗ್ಯಾರೇಜಿಗೆ ಬಿಟ್ಟರು. ಮಿಸ್ತ್ರಿ ಕಾಕಾ ಬಾನೆಟ್ ತೆರೆಯಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು.

“ಯಾವ ನೀರ್ ಹಾಕ್ತಿದ್ಯೋ ತಮ್ಮಾ?”

“ಮನಿ ಬೋರಿನ ನೀರ್ರೀ ಕಾಕಾ.”

“ಸವಳ ನೀರಾ?”

“ಸ್ವಲ್ಪ ಸವಳ ಐತ್ರಿ.”

“ಅದ್ಕ ಹಿಂಗಾಗೈತಿ. ಕಬ್ಬಿಣ ಆಗಿದ್ರ ತಡಕೋತಿತ್ತು. ಇದು ಅಲ್ಯುಮಿನಿ ಹೆಡ್ಡು. ಮನ್ಯಾಗಿನ ಬೋಗುಣಿ ಇದ್ದಂಗ. ನೀರ್ ಆರಿದ ಮ್ಯಾಲ ಒಲಿ ಮ್ಯಾಲ ಬಿಟ್ರ ಏನಾಕ್ಕತಿ?”

ಹೆಡ್ಡು ಬಿಚ್ಚಿದಾಗ ನೀರು ಹರಿಯುವ ದಾರಿಗಳಲ್ಲಿ ಸುಣ್ಣದಂಥ ಬಿಳಿ ಪದರು ಕಟ್ಟಿತ್ತು. ಒಂದು ಕಡೆ ಲೋಹವೇ ಹುಳ ತಿಂದ ಕಟ್ಟಿಗೆಯಂತೆ ಕೊರೆದಿತ್ತು. ಕಾಕಾ ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ತೋರಿಸಿದರು. ಪಟ್ಟಿಗೂ ಹೆಡ್ಡಿಗೂ ನಡುವೆ ಸಣ್ಣ ಬೆಳಕಿನ ಗೆರೆ. ಹೆಡ್ಡು ಬಾಗಿತ್ತು. ಅದನ್ನು ನೋಡುತ್ತ ನಿಂತಾಗ ಅವರು ಸುಮ್ಮನೆ ಅಂದ ಒಂದು ಮಾತಿನಿಂದ ಈ ಬರಹ ಹುಟ್ಟಿತು. ಹುಡುಗನಿದ್ದಾಗ ಅವರು ಬೆಂಗಳೂರಿನಲ್ಲಿ ಕೆಲಸ ಕಲಿತವರು. “ಆವಾಗ ಒಂದು ಫೈಬರ್ ಗಾಡಿ ಬರ್ತಿತ್ತು. ಬೆಂಗಳೂರಾಗ ಮಾಡಿದ್ದ. ಡಾಲ್ಫಿನ್ ಅಂತ. ಅದರ ಎಂಜಿನ್ನು ಪೂರಾ ಅಲ್ಯುಮಿನಿ. ಏನ್ ಓಡ್ತಿತ್ತೋ ಮಾರಾಯಾ! ನೀರ್ ಕಡಿಮಿ ಆತಂದ್ರ ಮಾತ್ರ ಮುಗೀತು.”

ಡಿಪ್ಲೊಮಾ ಓದುವಾಗ ನಮಗೆ ಕರ್ನಾಟಕದ ಪತ್ರಿಕಾ ಇತಿಹಾಸ ಹೇಳಿಕೊಟ್ಟರು. ಕರ್ನಾಟಕದಲ್ಲಿ ಕಾರು ಹುಟ್ಟಿ ಸತ್ತ ಇತಿಹಾಸವನ್ನು ಯಾರೂ ಹೇಳಿರಲಿಲ್ಲ. ಹುಡುಕುತ್ತಾ ಹೋದೆ. ಅದು ಬೆಂಗಳೂರಿನಿಂದ ಇಂಗ್ಲೆಂಡಿನ ಬೆಂಕಿ ಆರಿಸುವ ಪಂಪಿನವರೆಗೆ ಎಳೆದುಕೊಂಡು ಹೋಯಿತು.

ಮೊದಲು ನಮಗೆ ಗೊತ್ತಿರುವ ಎಂಜಿನ್ನಿನಿಂದಲೇ ಶುರು ಮಾಡೋಣ. ಹೊಳೆದಂಡೆಯಲ್ಲಿ, ಬಾವಿಯ ಮೇಲೆ, ಕರೆಂಟು ಬರುವ ಮೊದಲು ಡಗ್ ಡಗ್ ಅನ್ನುತ್ತಿದ್ದ ಡೀಸೆಲ್ ಎಂಜಿನ್ನು ನೆನಪಿದೆಯಲ್ಲ? ಕಿರ್ಲೋಸ್ಕರದ ಐದು ಎಚ್‌ಪಿ ಎಂಜಿನ್ನಿನ ಸಿಲಿಂಡರ್ 553 ಸಿಸಿ. ನಿಮಿಷಕ್ಕೆ 1500 ಸುತ್ತು. ಮೈಯೆಲ್ಲ ಎರಕದ ಕಬ್ಬಿಣ. ಎತ್ತಲು ನಾಲ್ಕು ಆಳು ಬೇಕು. ಅದಕ್ಕೆ ಹೊಳೆಯ ರಾಡಿ ನೀರು ಕೊಡಿ, ಬಾವಿಯ ನೀರು ಕೊಡಿ, ಗೊಣಗದೆ ಓಡುತ್ತಿತ್ತು. ತೂಕ ಇದ್ದದ್ದೇ ಅದರ ಬಲ. ಅದು ಎಲ್ಲಿಗೂ ಓಡಿಹೋಗಬೇಕಾಗಿರಲಿಲ್ಲ, ಬಾವಿಯ ಪಕ್ಕ ಕೂತರೆ ಸಾಕಾಗಿತ್ತು.

ಕಾರಿನ ಎಂಜಿನ್ನಿಗೆ ತಾನೂ ಓಡಬೇಕು, ತನ್ನನ್ನೇ ಹೊರಬೇಕು. ಅದರಲ್ಲೂ ಸ್ಪೋರ್ಟ್ಸ್ ಕಾರು ಅಂದರೆ ತೂಕದ ವೈರಿ. ಎಚ್‌ಪಿ ಹೆಚ್ಚಿಸಲು ದುಡ್ಡಿಲ್ಲದವರು ಕಂಡುಕೊಂಡ ದಾರಿ ತೂಕ ಇಳಿಸುವುದು. ಒಂದು ಎತ್ತಿನ ಚಕ್ಕಡಿಯಲ್ಲಿ ಹತ್ತು ಚೀಲ ಇಳಿಸಿದರೆ ಅದೇ ಎತ್ತು ಓಡುತ್ತದೆ. ಇಂಗ್ಲೆಂಡಿನಲ್ಲಿ 1948ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಹುಡುಗ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಬೇಡದ್ದೆಲ್ಲ ಕಿತ್ತೊಗೆದು ತನ್ನ ಮೊದಲ ಕಾರು ಮಾಡಿದ. ಲೋಟಸ್ ಕಂಪನಿ ಶುರುವಾದದ್ದು ಹಾಗೆ. ಅವನಂಥ ನೂರಾರು ಜನ ಶೆಡ್ಡಿನಲ್ಲಿ, ಅಂಗಳದಲ್ಲಿ ಇಂಥ ಗಾಡಿ ಕಟ್ಟುತ್ತಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಹಗುರಾದ ಎಂಜಿನ್ನು.

ಆ ಹಗುರ ಎಂಜಿನ್ನು ಬಂದದ್ದು ಪಂಪ್‌ಸೆಟ್ಟಿನಿಂದ. ಇದನ್ನು ಓದಿದಾಗ ನನಗೆ ನಗು ಬಂತು. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡ್ ಸರ್ಕಾರಕ್ಕೆ ಬೆಂಕಿ ಆರಿಸಲು ಹೊತ್ತೊಯ್ಯುವ ಪಂಪು ಬೇಕಾಗಿತ್ತು. ಹಳೆಯದಕ್ಕಿಂತ ಎರಡು ಪಟ್ಟು ನೀರು ಎತ್ತಬೇಕು, ತೂಕ ಅರ್ಧ ಇರಬೇಕು ಎಂಬುದು ಬೇಡಿಕೆ. ಕೊವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಂಪನಿಯಲ್ಲಿ ವಾಲ್ಟರ್ ಹಸನ್ ಮತ್ತು ಹ್ಯಾರಿ ಮಂಡಿ ಎಂಬ ಇಬ್ಬರು ಎಂಜಿನಿಯರುಗಳು ಅಲ್ಯುಮಿನಿಯಂನಲ್ಲಿ 1020 ಸಿಸಿಯ ಎಂಜಿನ್ನು ಮಾಡಿದರು. ಹೆಸರೇ ಎಫ್‌ಡಬ್ಲ್ಯೂ, ಅಂದರೆ ಗರಿಯಷ್ಟು ಹಗುರ ಎಂದು. ಕಾರು ರೇಸಿನವರು ಅದನ್ನು ನೋಡಿ ಬಿಡುತ್ತಾರೆಯೇ? 1954ರ ಹೊತ್ತಿಗೆ ಅದೇ ಎಂಜಿನ್ನು 1097 ಸಿಸಿಯ ಕಾರಿನ ಎಂಜಿನ್ನಾಗಿ ಬಂತು. ಅದರ ಅಣ್ಣತಮ್ಮನಂಥ 1216 ಸಿಸಿ ಎಂಜಿನ್ನು, ಪೂರ್ತಿ ಫೈಬರ್ ಮೈಯ ಲೋಟಸ್ ಎಲೀಟ್ ಕಾರಿಗೆ ಕೂತಿತು. ಅದೇ ಕಂಪನಿಯ ಎಂಜಿನ್ನು ಇಟ್ಟುಕೊಂಡು ಜ್ಯಾಕ್ ಬ್ರಾಭಾಮ್ 1959, 1960ರಲ್ಲಿ ಫಾರ್ಮುಲಾ ಒನ್ ಗೆದ್ದ.

ಅದೇ ವಂಶದ ಇನ್ನೊಂದು ಕೂಸು ಹಿಲ್‌ಮನ್ ಇಂಪ್ ಎಂಬ ಸಣ್ಣ ಕಾರಿಗೆ ಹೋಯಿತು, 1963ರಲ್ಲಿ. 875 ಸಿಸಿ, ಅಲ್ಯುಮಿನಿಯಂ, ಹಿಂದೆ ಕೂರುವ ಎಂಜಿನ್ನು. ರೇಸಿನಲ್ಲಿ ಹುಲಿ. ಆದರೆ ಸಾಮಾನ್ಯ ಜನರ ಕೈಗೆ ಬಂದಾಗ ಬಿಸಿಯಾಗುವುದು, ಹೆಡ್ಡು ಬಾಗುವುದು, ಗ್ಯಾಸ್ಕೆಟ್ ಹೋಗುವುದು ಶುರುವಾಯಿತು. ರೇಸಿನ ಎಂಜಿನ್ನಿಗೆ ದಿನಾ ಬೆಳಿಗ್ಗೆ ಮೈ ತೊಳೆಸುವ ಮೆಕ್ಯಾನಿಕ್ ಇರುತ್ತಾನೆ. ಮಾಸ್ತರರ ಕಾರಿಗೆ ಯಾರಿರುತ್ತಾರೆ? ಇದುವರೆಗೆ ನಾನು ಓದಿದ ಹಗುರ ಕಾರುಗಳ ಕಥೆಗಳಲ್ಲಿ ಎಂಜಿನ್ನು ಕೆಟ್ಟದ್ದಕ್ಕಿಂತ ಆರೈಕೆ ಕೆಟ್ಟದ್ದೇ ಹೆಚ್ಚು. ನನ್ನದೂ ಅದೇ.

ಈಗ ಬೆಂಗಳೂರಿನ ಎಂಜಿನ್ನಿಗೆ ಬರೋಣ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಲ್ಲಿ ರಿಲಯಂಟ್ ಅಂತ ಕಂಪನಿ. (ನಮ್ಮ ಜಿಯೋದ ರಿಲಯನ್ಸ್ ಅಲ್ಲ.) ಮೂರು ಗಾಲಿಯ ಅಗ್ಗದ ಕಾರು ಮಾಡುವುದು ಅವರ ಕಸುಬು. ಆಸ್ಟಿನ್ ಸೆವೆನ್ನಿನ ಹಳೆಯ ಎಂಜಿನ್ನನ್ನು ಆಸ್ಟಿನ್ ನಿಲ್ಲಿಸಿದಾಗ ಇವರೇ ಅದನ್ನು ಮಾಡಿಕೊಂಡು ಬಂದಿದ್ದರು. 1962ರಲ್ಲಿ ಅದನ್ನು ಬಿಟ್ಟು ಸ್ವಂತದ್ದು ತಂದರು. ಬ್ಲಾಕೂ ಅಲ್ಯುಮಿನಿಯಂ, ಹೆಡ್ಡೂ ಅಲ್ಯುಮಿನಿಯಂ, 598 ಸಿಸಿ, 25 ಎಚ್‌ಪಿ. ಬರಬರುತ್ತ ಅದು ಬೆಳೆದು 1975ರಲ್ಲಿ 848 ಸಿಸಿ, 40 ಎಚ್‌ಪಿ ಆಯಿತು. ನಮ್ಮ 553 ಸಿಸಿಯ ಡೀಸೆಲ್ ಎಂಜಿನ್ನು ಐದು ಎಚ್‌ಪಿ ಕೊಟ್ಟರೆ ಇದು 848 ಸಿಸಿಯಲ್ಲಿ 40. ಗುಟ್ಟೇನೂ ಇಲ್ಲ, ಅದು ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿ ತಿರುಗುತ್ತಿತ್ತು. ಆಸ್ಟಿನ್ ಸೆವೆನ್ನಿನ ಮೇಲೆ ಬೆಳೆದಿದ್ದ ಇಂಗ್ಲೆಂಡಿನ ಬಡವರ ರೇಸು, 750 ಫಾರ್ಮುಲಾ, ಮುಂದೆ ಇದೇ ರಿಲಯಂಟ್ ಎಂಜಿನ್ನಿನ ಮೇಲೆ ನಡೆಯಿತು. ಬಡವರ ಮೂರು ಗಾಲಿ ಗಾಡಿಯ ಎಂಜಿನ್ನೇ ಬಡವರ ಸ್ಪೋರ್ಟ್ಸ್ ಕಾರಿನ ಎಂಜಿನ್ನು.

ಆ 848 ಸಿಸಿಯನ್ನು ನಾಲ್ಕು ಗಾಲಿಯ ಪುಟ್ಟ ಕಾರಿಗೆ ಕೂರಿಸಿ 1975ರಲ್ಲಿ ಕಿಟನ್ ಅಂತ ಮಾರಿದರು. ಮೈ ಫೈಬರ್, ಒಳಗೆ ಕಬ್ಬಿಣದ ಚಾಸಿ. ಇಡೀ ಕಾರಿನ ತೂಕ ಐದು ಕ್ವಿಂಟಲಿನ ಮೇಲೆ ಸ್ವಲ್ಪ. ಕಬ್ಬಿನ ಟ್ರಾಲಿಯ ಲೆಕ್ಕದಲ್ಲಿ ನೋಡಿದರೆ ಅರ್ಧ ಟನ್ನು, ತೂಕದ ಚೀಟಿಯಲ್ಲಿ ಹೆಚ್ಚುಕಡಿಮೆ ಆಗುವಷ್ಟು.

ಇತ್ತ ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಸನ್‌ರೈಸ್ ಆಟೋಮೋಟಿವ್ ಎಂಬ ಕಂಪನಿ ಶುರುವಾಗಿತ್ತು. ಮುಂದೆ ಅದೇ ಸಿಪಾನಿ ಆಟೋಮೊಬೈಲ್ಸ್. ಮೊದಲು ಅವರು ಮಾಡಿದ್ದು ಬಾದಲ್ ಎಂಬ ಮೂರು ಗಾಲಿಯ ಫೈಬರ್ ಗಾಡಿ. ಹಿಂದೆ 198 ಸಿಸಿಯ ಎಂಜಿನ್ನು. ಆಟೋ ರಿಕ್ಷಾಕ್ಕೆ ಕಾರಿನ ಅಂಗಿ ತೊಡಿಸಿದಂತೆ. ಆಗಿನ ಕಾಲವನ್ನು ನೆನಪಿಸಿಕೊಳ್ಳಬೇಕು. ಕಾರು ಅಂದರೆ ಅಂಬಾಸಡರ್, ಇಲ್ಲವೇ ಮುಂಬೈಯ ಪ್ರೀಮಿಯರ್ ಪದ್ಮಿನಿ, ಇಲ್ಲವೇ ಮದ್ರಾಸಿನ ಸ್ಟ್ಯಾಂಡರ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಯಾರು ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದಕ್ಕೆ ದಿಲ್ಲಿಯ ಲೈಸೆನ್ಸು. ನಮ್ಮ ರಬಕವಿ-ಬನಹಟ್ಟಿಯಂತೆ ಮಗ್ಗದ ಊರಾದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ಮೀರಾ ಅಂತ ಪುಟ್ಟ ಕಾರು ಕಟ್ಟಿ, ದಶಕಗಟ್ಟಲೆ ಒಂದರ ಮೇಲೊಂದು ಮಾದರಿ ಮಾಡುತ್ತ ಹೋದರು. ಅದು ಕೊನೆಗೂ ಮಾರುಕಟ್ಟೆಗೆ ಬರಲಿಲ್ಲ. ಆ ಕಥೆಗೆ ಬೇರೆ ಬರಹವೇ ಬೇಕು.

1982ರಲ್ಲಿ ಸಿಪಾನಿಯವರು ರಿಲಯಂಟ್ ಕಿಟನ್ನನ್ನೇ ಬೆಂಗಳೂರಿನಲ್ಲಿ ಡಾಲ್ಫಿನ್ ಎಂಬ ಹೆಸರಿನಿಂದ ತಂದರು. ಎರಡು ಬಾಗಿಲು, ನಾಲ್ಕು ಸೀಟು, ಫೈಬರ್ ಮೈ, ಅದೇ 848 ಸಿಸಿ. ಹೆಸರಿಗೆ ಮನೆಯ ಕಾರು, ಸ್ವಭಾವದಲ್ಲಿ ಹಗುರ ಸ್ಪೋರ್ಟ್ಸ್ ಕಾರು. ಇದನ್ನು ಮೊದಲು ಗುರುತಿಸಿದವರು ರೇಸಿನವರು. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ಹಳೆಯ ವಿಮಾನ ಪಟ್ಟಿಯೇ ರೇಸ್ ಟ್ರ್ಯಾಕು. ಅಲ್ಲಿಗೆ ಕೊಯಮತ್ತೂರಿನ ಕರಿವರ್ಧನ್ ಡಾಲ್ಫಿನ್ನುಗಳನ್ನು ಸಜ್ಜು ಮಾಡಿ ಒಯ್ದರು. ಭಾರದ ಕಬ್ಬಿಣದ ಕಾರುಗಳ ನಡುವೆ ಬೆಂಗಳೂರಿನ ಈ ಫೈಬರ್ ಗಾಡಿ ಗೆದ್ದಿತು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಇವತ್ತು ಕರಿ ಎಂದೇ ಹೆಸರಿದೆ, ಅವರ ನೆನಪಿಗೆ. ಅವರು 1995ರಲ್ಲಿ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡರು.

ಹಾಗಾದರೆ ಡಾಲ್ಫಿನ್ ಎಂಜಿನ್ನು ಗಟ್ಟಿಯೋ, ಪೊಳ್ಳೋ? ಕಾಕಾನನ್ನು ಕೇಳಿದೆ. “ಎಂಜಿನ್ನು ಬಂಗಾರ. ನಾವು ಅದಕ್ಕ ತಕ್ಕವ್ರ ಆಗಿರಲಿಲ್ಲ” ಅಂದರು. ಮಾತು ಸ್ವಲ್ಪ ಸಿನಿಮಾ ಥರ ಆಯಿತು. ಬಿಡಿಸಿ ಹೇಳುತ್ತೇನೆ.

ಅಲ್ಯುಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಡಾಲ್ಫಿನ್ ಎಂಜಿನ್ನಿನಲ್ಲಿ ಬ್ಲಾಕು ಅಲ್ಯುಮಿನಿಯಂ, ಪಿಸ್ಟನ್ ಆಡುವ ಲೈನರು ಕಬ್ಬಿಣ. ಆ ಲೈನರಿನ ಸುತ್ತ ನೇರವಾಗಿ ನೀರು. ಇದಕ್ಕೆ ವೆಟ್ ಲೈನರ್ ಅನ್ನುತ್ತಾರೆ, ನಮ್ಮ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಇರುವಂಥದ್ದೇ. ಲೈನರು ಬ್ಲಾಕಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಆಗಲೇ ಹೆಡ್ಡು ಬಿಗಿದಾಗ ಗ್ಯಾಸ್ಕೆಟ್ಟನ್ನು ಅದು ಅದುಮಿ ಹಿಡಿಯುವುದು. ಒಂದು ಲೈನರು ಕೆಳಗೆ ಕೂತಿತು ಅಂದರೆ ಅಲ್ಲಿ ಹಿಡಿತ ಸಡಿಲ. ಒಳಗಿನ ಬೆಂಕಿ ನೀರಿನ ಕಡೆ ದಾರಿ ಮಾಡಿಕೊಳ್ಳುತ್ತದೆ. ನೀರು ಎಣ್ಣೆಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ.

ಇನ್ನು ಅದಕ್ಕೆ ಬೇಕಾದ ನೀರು. ಅಲ್ಯುಮಿನಿಯಂ ಎಂಜಿನ್ನಿಗೆ ಕೂಲಂಟ್ ಹಾಕಬೇಕು. ಇಂಗ್ಲೆಂಡಿನಲ್ಲಿ ಅದನ್ನು ಮುಖ್ಯವಾಗಿ ಚಳಿಗೆ ನೀರು ಹೆಪ್ಪುಗಟ್ಟದಿರಲಿ ಅಂತ ಹಾಕುತ್ತಿದ್ದರು. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಅದೇಕೆ ಅಂತ ಬಿಟ್ಟರು. ಆದರೆ ಅದೇ ಡಬ್ಬಿಯಲ್ಲಿ ಅಲ್ಯುಮಿನಿಯಂ ಕೊರೆಯದಂತೆ ತಡೆಯುವ ಮದ್ದೂ ಇರುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಬಿಂದುವೂ ನೂರು ಡಿಗ್ರಿ ದಾಟಿ ಮೇಲೆ ಹೋಗುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದರೆ ಇನ್ನೂ ಮೇಲೆ. ನಮ್ಮ ಬೋರಿನ ನೀರಲ್ಲಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳು ಬಿಸಿಗೆ ಗೋಡೆಗೆ ಅಂಟಿ ಪದರು ಕಟ್ಟುತ್ತವೆ. ಸ್ನಾನಕ್ಕೆ ನೀರು ಕಾಯಿಸುವ ಹಂಡೆಯ ಒಳಗೆ ಕೈ ಆಡಿಸಿ ನೋಡಿ, ಗೊತ್ತಾಗುತ್ತದೆ. ಆ ಪದರು ಬಿಸಿಯನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಸವಳಿನ ಕ್ಲೋರೈಡು ಲೋಹವನ್ನೇ ತಿನ್ನುತ್ತದೆ. ಅಂಬಾಸಡರಿನ ಕಬ್ಬಿಣದ ಎಂಜಿನ್ನು ಇದನ್ನೆಲ್ಲ ಸಹಿಸಿತು. ಹಾಗಾಗಿ ಹಳ್ಳ ಕಂಡಲ್ಲಿ ಕ್ಯಾನು ಮುಳುಗಿಸಿ ನೀರು ಹಾಕುವ ರೂಢಿ ನಮ್ಮಲ್ಲಿ ಗಟ್ಟಿಯಾಯಿತು. ಅಂಬಾಸಡರ್ ಕಲಿಸಿದ ಪಾಠವನ್ನೇ ಅಲ್ಯುಮಿನಿಯಂ ಎಂಜಿನ್ನಿಗೂ ಓದಿಸಿದೆವು.

ಥರ್ಮೋಸ್ಟಾಟ್ ಕಥೆಯೂ ಅದೇ. ನಮ್ಮ ಕಡೆ ಗಾಡಿ ಬಿಸಿಯಾದರೆ ಮೊದಲ ಔಷಧ “ವಾಲ್ವ್ ಕಿತ್ ಒಗೀರಿ”. ಕಿತ್ತರೆ ಎಂಜಿನ್ನು ಯಾವಾಗಲೂ ತಣ್ಣಗೆ ಓಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಲೈನರು ಬೇಗ ಸವೆಯುತ್ತದೆ. ಬಿಸಿಯಾಗಲು ನಿಜವಾದ ಕಾರಣ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಜ್ವರ ಬಂದರೆ ಥರ್ಮಾಮೀಟರ್ ಒಡೆದಂತೆ.

ರೇಸಿನಲ್ಲಿ ಇನ್ನೊಂದು ತೊಂದರೆ ಇತ್ತು, ಅದು ಹಗುರ ಕಾರುಗಳಿಗೇ ಅಂಟಿದ್ದು. ಚಕ್ಕಡಿಯಲ್ಲಿ ನೀರಿನ ತಪ್ಪಲೆ ಇಟ್ಟುಕೊಂಡು ಜೋರಾಗಿ ತಿರುವು ಹೊಡೆದರೆ ನೀರೆಲ್ಲ ಒಂದು ಕಡೆ ಏರುತ್ತದಲ್ಲ, ಎಂಜಿನ್ನಿನ ತಳದ ಎಣ್ಣೆಯೂ ಹಾಗೇ ಏರುತ್ತದೆ. ಎಣ್ಣೆ ಎಳೆಯುವ ಕೊಳವೆ ಗಾಳಿ ಎಳೆಯುತ್ತದೆ. ಒಂದೆರಡು ಕ್ಷಣ ಸಾಕು, ಬೇರಿಂಗು ಒಣಗಿ ಸುಟ್ಟುಹೋಗುತ್ತದೆ. ಡಾಲ್ಫಿನ್ ಎಂಜಿನ್ನಿನ ಕ್ರ್ಯಾಂಕಿಗೆ ಮೂರೇ ಮುಖ್ಯ ಬೇರಿಂಗುಗಳು. ಇಂಥ ಎಂಜಿನ್ನಿಗೆ ರೇಸಿನವರು ತಳದ ತೊಟ್ಟಿಯಲ್ಲಿ ಅಡ್ಡ ತಗಡು ಬೆಸೆದು ಎಣ್ಣೆ ಏರದಂತೆ ಮಾಡುತ್ತಾರೆ. ಊರಿನ ರಸ್ತೆಗೆ ಅದರ ಅಗತ್ಯ ಇಲ್ಲ, ನಮ್ಮ ರಸ್ತೆಯ ತಗ್ಗುಗಳು ಅಷ್ಟು ಜೋರು ಹೋಗಲು ಬಿಡುವುದೂ ಇಲ್ಲ.

ಡಾಲ್ಫಿನ್ನನ್ನು ಕೊಂದದ್ದು ಎಂಜಿನ್ನು ಅಂತ ಹೇಳಲಾರೆ. ಜನ ಬೆರಳಿನಿಂದ ಬಡಿದು ನೋಡಿ “ಪ್ಲಾಸ್ಟಿಕ್ ಗಾಡಿ” ಅಂದರು. ಗುದ್ದಿದರೆ ಸೀಳುತ್ತದೆ ಅಂತ ಹೆದರಿದರು. ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಮಡಚಬೇಕು, ಸೀರೆ ಉಟ್ಟ ಹೆಣ್ಣುಮಕ್ಕಳಿಗೆ ಅದು ಸರಿಬರಲಿಲ್ಲ. ಇದೆಲ್ಲದರ ಮೇಲೆ 14 ಡಿಸೆಂಬರ್ 1983. ಅಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರು, ಜಪಾನಿನ ಸುಜುಕಿ ತಂತ್ರ, ಬೆನ್ನಿಗೆ ಸರ್ಕಾರ. ಅದೂ ಹಗುರದ್ದೇ. ಅಲ್ಲಿಗೆ ಮುಗಿಯಿತು. ಒಂದು ವಿಷಯ ಇಲ್ಲಿ ಹೇಳಲೇಬೇಕು, ಮಾರುತಿ ಕಾರಿನ ಜೊತೆ ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಟ್ಟಿತು, ಬಿಡಿಭಾಗ ಊರೂರಿಗೆ ಮುಟ್ಟಿಸಿತು. ಡಾಲ್ಫಿನ್‌ಗೆ ಒಂದು ಗ್ಯಾಸ್ಕೆಟ್ ಬೇಕಾದರೆ ಬೆಂಗಳೂರನ್ನೇ ನೋಡಬೇಕು. ಎಂಜಿನ್ನಿನ ಭರವಸೆ ಅನ್ನುವುದು ಅರ್ಧ ಲೋಹದಲ್ಲಿ ಇರುತ್ತದೆ, ಉಳಿದರ್ಧ ಅಂಗಡಿಯ ಕಪಾಟಿನಲ್ಲಿ.

ಸಿಪಾನಿಯವರು ಸುಮ್ಮನೆ ಕೂರಲಿಲ್ಲ. 1987ರ ಹೊತ್ತಿಗೆ ಅದೇ ಕಾರಿಗೆ ಹೆಚ್ಚಿನ ಬಾಗಿಲು ಕೊಟ್ಟು ಮೊಂಟಾನಾ ಮಾಡಿದರು. ಮುಂದೆ ಅದಕ್ಕೆ ಡೀಸೆಲ್ ಎಂಜಿನ್ನನ್ನೂ ಹಾಕಿದರು. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಕಂಪನಿಯ ಮೊಂಟೆಗೊ ಕಾರನ್ನು ಬೆಂಗಳೂರಿನಲ್ಲಿ ಜೋಡಿಸಿ ಮಾರಿದರು. ಯಾವುದೂ ನಿಲ್ಲಲಿಲ್ಲ.

ಆ ರೋವರ್ ಹೆಸರು ಬಂದಿದ್ದಕ್ಕೆ ಇನ್ನೊಂದು ಎಂಜಿನ್ನಿನ ಕಥೆ ಹೇಳದೆ ಮುಂದೆ ಹೋಗಲಾಗದು. ಹಗುರ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಇಷ್ಟು ಹೊಗಳಿಸಿಕೊಂಡ, ಇಷ್ಟು ಬೈಸಿಕೊಂಡ ಎಂಜಿನ್ನು ಇನ್ನೊಂದು ಸಿಗುವುದು ಕಷ್ಟ. ರೋವರಿನ ಕೆ ಸೀರೀಸ್. ಎಂಬತ್ತರ ದಶಕದ ಕೊನೆಗೆ ಬಂತು. ಪೂರ್ತಿ ಅಲ್ಯುಮಿನಿಯಂ. ಹೆಡ್ಡಿನ ಮೇಲಿಂದ ಎಂಜಿನ್ನಿನ ತಳದವರೆಗೆ ಉದ್ದುದ್ದ ಬೋಲ್ಟು ಇಳಿಸಿ, ಪದರು ಪದರಾಗಿ ಜೋಡಿಸಿದ ಎಂಜಿನ್ನು, ಟಿಫಿನ್ ಕ್ಯಾರಿಯರಿನ ಡಬ್ಬಿಗಳನ್ನು ಪಟ್ಟಿಯಿಂದ ಬಿಗಿದಂತೆ. 1995ರಲ್ಲಿ ಎಂಜಿಎಫ್ ಎಂಬ ಕಾರಿಗೆ, 1996ರಲ್ಲಿ ಲೋಟಸ್ ಎಲೀಸ್ ಎಂಬ ಕಾರಿಗೆ ಅದು ಹೋಯಿತು. ಎಲೀಸ್ ತೂಕ ಏಳೂ ಕಾಲು ಕ್ವಿಂಟಲಿನ ಆಸುಪಾಸು, ಎಂಜಿನ್ನು 1796 ಸಿಸಿ, 118 ಎಚ್‌ಪಿ. ಓಡಿಸಿದವರೆಲ್ಲ ಕೊಂಡಾಡಿದರು.

ಆಮೇಲೆ ಗ್ಯಾಸ್ಕೆಟ್ಟುಗಳು ಹೋಗಲು ಶುರುವಾದವು. ಆ ಎಂಜಿನ್ನಿನೊಳಗೆ ಹಿಡಿಯುವ ನೀರು ಬಹಳ ಕಡಿಮೆ. ಬೇಗ ಬಿಸಿಯಾಗಲಿ, ಹಗುರ ಇರಲಿ ಅಂತಲೇ ಹಾಗೆ ಮಾಡಿದ್ದು. ನೀರು ಕಡಿಮೆ ಇದ್ದಲ್ಲಿ ಸ್ವಲ್ಪ ಸೋರಿದರೂ ದೊಡ್ಡ ನಷ್ಟ. ಥರ್ಮೋಸ್ಟಾಟ್ ಇದ್ದದ್ದು ಎಂಜಿನ್ನಿಗೆ ನೀರು ಒಳಬರುವ ಕಡೆ. ಅದು ತೆರೆದಾಗ ರೇಡಿಯೇಟರಿನ ತಣ್ಣೀರು ಒಮ್ಮೆಲೇ ಬಿಸಿ ಎಂಜಿನ್ನಿಗೆ ನುಗ್ಗುತ್ತಿತ್ತು. ಕಾದ ಹಂಚಿಗೆ ತಣ್ಣೀರು ಚಿಮುಕಿಸಿದಂತೆ. ಎಂಜಿನ್ನು ಹಿಂದೆ, ರೇಡಿಯೇಟರು ಮುಂದೆ ಇದ್ದ ಕಾರುಗಳಲ್ಲಿ ಕೊಳವೆ ಉದ್ದ. ನಡುವೆ ಗಾಳಿ ಸಿಕ್ಕಿಕೊಂಡರೆ ನೀರು ಮುಂದೆ ಹರಿಯುವುದಿಲ್ಲ. ಹೊಳೆಯ ಪಂಪು ಏರ್ ಹಿಡಿದಾಗ ಫುಟ್‌ವಾಲ್ವ್ ಹತ್ತಿರ ಕೂತು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಪದರುಗಳಿರುವ ಸ್ಟೀಲ್ ಗ್ಯಾಸ್ಕೆಟ್ ಬಂತು, ಥರ್ಮೋಸ್ಟಾಟನ್ನೇ ಬದಲಿಸಿದರು. ತೊಂದರೆ ತಕ್ಕಮಟ್ಟಿಗೆ ತಗ್ಗಿತು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು. 2004ರಲ್ಲಿ ಲೋಟಸ್ ಟೊಯೋಟಾ ಎಂಜಿನ್ನಿಗೆ ಹೋಯಿತು. 2005ರಲ್ಲಿ ಎಂಜಿ ರೋವರ್ ಕಂಪನಿಯೇ ಮುಳುಗಿತು. ಇವತ್ತು ನಮ್ಮ ಜಿಲ್ಲೆಯ ರಸ್ತೆಯಲ್ಲೂ ಕಾಣುವ ಎಂಜಿ ಕಾರುಗಳ ಹೆಸರು ಅದೇ ಹಳೆಯದು, ಕಂಪನಿ ಈಗ ಚೀನಾದವರ ಕೈಗೆ ಹೋಗಿದೆ, ಎಂಜಿನ್ನು ಬೇರೆ.

ನಮ್ಮವರು ಮತ್ತೆ ಒಮ್ಮೆ ಪ್ರಯತ್ನ ಮಾಡಿದರು. ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 1998ರಲ್ಲಿ ಸ್ಟಾರ್ಮ್ ಎಂಬ ಸ್ಪೋರ್ಟ್ಸ್ ಕಾರು ತಂದರು. ಮಾಡುತ್ತಿದ್ದದ್ದು ಗೋವಾದಲ್ಲಿ. ಎರಡು ಬಾಗಿಲು, ತೆರೆದ ಮೇಲ್ಛಾವಣಿ, ಮತ್ತೆ ಫೈಬರ್ ಮೈ. ಎಂಜಿನ್ನು ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ, 60 ಎಚ್‌ಪಿ. ಈ ಸಲ ರೇಸಿನ ಎಂಜಿನ್ನಿನ ಗೋಜಿಗೆ ಹೋಗದೆ ಮನೆಯ ಕಾರಿನ ಸಾದಾ ಎಂಜಿನ್ನು ತೆಗೆದುಕೊಂಡರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಆಯ್ಕೆ. ಆದರೆ ಆಗ ಆ ಎಂಜಿನ್ನಿನ ಕಾರು ನಮ್ಮ ದೇಶದ ರಸ್ತೆಯಲ್ಲಿ ಬೇರೆ ಎಲ್ಲಿತ್ತು? ಇಂಥ ಎಂಜಿನ್ನಿನ ಟೈಮಿಂಗ್ ಬೆಲ್ಟು ರಬ್ಬರಿನದು. ಓಡಲಿ ಬಿಡಲಿ, ವರ್ಷ ಆದಂತೆ ಒಣಗುತ್ತದೆ. ಬಿಸಿಲಿಗೆ ತೆರೆದುಕೊಂಡು ಓಡುವ ಶೋಕಿಯ ಕಾರು ವರ್ಷಕ್ಕೆ ಎಷ್ಟು ಓಡೀತು? ಕಿಲೋಮೀಟರ್ ಆಗಿಲ್ಲ ಅಂತ ಬೆಲ್ಟು ಬಿಟ್ಟುಬಿಡುತ್ತಾರೆ. ಒಂದು ದಿನ ಅದು ತುಂಡಾದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೆ ಬಂದು ವಾಲ್ವುಗಳಿಗೆ ಗುದ್ದುತ್ತದೆ. ಹಳೆಯ ಹಗುರ ಕಾರು ಕೊಳ್ಳುವವರು ಮೀಟರಿನ ಕಿಲೋಮೀಟರು ನೋಡಿ ಮೋಸ ಹೋಗುವುದು ಇಲ್ಲೇ. ಕಡಿಮೆ ಓಡಿದ್ದು ಯಾವಾಗಲೂ ಒಳ್ಳೆಯದಲ್ಲ, ಕಟ್ಟಿಹಾಕಿದ ಎತ್ತಿನಂತೆ.

2001ರಲ್ಲಿ ಅದೇ ಬೆಂಗಳೂರಿನಿಂದ ರೇವಾ ಬಂತು. ಮತ್ತೆ ಪುಟ್ಟದು, ಮತ್ತೆ ಪ್ಲಾಸ್ಟಿಕ್ ಮೈ. ಎಂಜಿನ್ನೇ ಇಲ್ಲ, ಬ್ಯಾಟರಿ. ರೇಡಿಯೇಟರಿಗೆ ನೀರು ಹಾಕುವ ಕೆಲಸ ತಪ್ಪಿತು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಬಂತು. ನೀರು ಮಾತ್ರ ಬಿಡಲಿಲ್ಲ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಇವತ್ತು ಜಮಖಂಡಿ, ಮುಧೋಳದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಕೊಳ್ಳುವ ನಾವು, ಫೋನಿನಲ್ಲಿ ಫೋಟೋ ನೋಡಿ ಹಳೆಯ ಕಾರಿಗೆ ಅಡ್ವಾನ್ಸ್ ಹಾಕುತ್ತಿದ್ದೇವೆ. ಈಗಿನ ಸಣ್ಣ ಕಾರುಗಳ ಹೆಡ್ಡೂ ಅಲ್ಯುಮಿನಿಯಂ, ಹೆಚ್ಚಿನವುಗಳ ಬ್ಲಾಕೂ ಅಲ್ಯುಮಿನಿಯಂ. ಒಂದು ಕಾಲಕ್ಕೆ ಶೋಲಾವರಂನಲ್ಲಿ ಓಡುತ್ತಿದ್ದ ಜಾತಿಯ ಎಂಜಿನ್ನು ಈಗ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿದೆ. ಆದರೆ ಹಾಕುವ ನೀರು ಇನ್ನೂ ಅಂಬಾಸಡರಿನದು.

ಕಾಕಾ ನನಗೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಹಳೆಯ ಕಾರು ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಿ, ಎಂಜಿನ್ನು ತಣ್ಣಗಿರುವಾಗ. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಚಹಾ ಕುಡಿದು ಬಂದುಬಿಡಿ, ಇನ್ನೊಂದು ದಿನ ಹೋಗಿ. ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ. ಹಸಿರೋ, ಕೆಂಪೋ, ನೀಲಿಯೋ ಇದ್ದರೆ ಕೂಲಂಟ್ ಇದೆ. ತುಕ್ಕಿನ ರಾಡಿ ಇದ್ದರೆ ಅಥವಾ ಎಣ್ಣೆಯ ಜಿಡ್ಡು ತೇಲುತ್ತಿದ್ದರೆ ಬೆಲೆ ಕೇಳುವುದೇ ಬೇಡ. ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥದ್ದು ಮೆತ್ತಿದ್ದರೆ ಎರಡು ಸಲ ಯೋಚಿಸಿ. ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿ ನೋಡಿ, ನೀರಲ್ಲಿ ಗುಳ್ಳೆ ಬಿಡದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ. ಬಿಸಿಯಾದ ಎಂಜಿನ್ನಿನ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಮುಖ ಸುಟ್ಟುಕೊಂಡ ಹುಡುಗರನ್ನು ಕಾಕಾ ಕಂಡಿದ್ದಾರೆ.

ಮುಳ್ಳು ಕೆಂಪಿಗೆ ಹೋದರೆ ಊರು ಕಣ್ಣಿಗೆ ಕಾಣುತ್ತಿದ್ದರೂ ನಿಲ್ಲಿಸಿ. ಇದನ್ನು ಹೇಳಲು ನನಗಿಂತ ಹೆಚ್ಚಿನ ಅಧಿಕಾರ ಯಾರಿಗೂ ಇಲ್ಲ.

ನನ್ನ ಹೆಡ್ಡನ್ನು ಲೇಥಿನವರು ಸಾಣೆ ಹಿಡಿದು ಸಮ ಮಾಡಿಕೊಟ್ಟರು, ಕೊರೆದ ಜಾಗ ಬೆಸುಗೆ ಹಾಕಿ ತುಂಬಿದರು. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು, ಹೊಸ ಥರ್ಮೋಸ್ಟಾಟ್. ಕಾಕಾ ಹಸಿರು ಕೂಲಂಟ್ ಹಾಕಿ, ಗಾಳಿ ಹೋಗುವವರೆಗೆ ಅರ್ಧ ತಾಸು ಎಂಜಿನ್ನು ಓಡಿಸಿ ನೋಡಿದರು. ಡಿಕ್ಕಿಯಲ್ಲಿದ್ದ ನನ್ನ ಬೋರಿನ ನೀರಿನ ಕ್ಯಾನನ್ನು ಹೊರಗೆ ತೆಗೆದು ಗ್ಯಾರೇಜಿನ ಮುಂದಿನ ಕರಿಬೇವಿನ ಗಿಡಕ್ಕೆ ಸುರಿದರು. ಸುಟ್ಟ ಗ್ಯಾಸ್ಕೆಟ್ಟನ್ನು ಒಗೆಯಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಹೊಸದಾಗಿ ಕೆಲಸ ಕಲಿಯಲು ಬರುವ ಹುಡುಗರಿಗೆ ತೋರಿಸಿ, “ಇದು ಪೇಪರಿನವರದು” ಅನ್ನುತ್ತಾರಂತೆ.